ಹಂಚಿದ ಚಿತ್ರಗಳನ್ನು ಅಳಿಸುವ ಮುನ್ನ

ವಿಜಯಪುರದ ಗೋಳಗುಮ್ಮಟ, ಇಬ್ರಾಹಿಂ ರೋಜಾ ಮತ್ತು ಬಾರಾ ಕಮಾನುಗಳ ಚಿತ್ರಗಳನ್ನು ಹಲವು ವರ್ಷಗಳಿಂದ ಚಿತ್ರ ಹಂಚಿಕೆಯ ಜಾಲತಾಣವಾದ ಫ್ಲಿಕರ್‌ನಲ್ಲಿ ಹಂಚುತ್ತ ಬಂದಿರುವ ನಾನು, ಈಗ ಆ ಸಂಗ್ರಹವನ್ನು ಜರಡಿ ಹಿಡಿಯುತ್ತಿದ್ದೇನೆ. ಸ್ಮಾರಕಗಳ ಚಿತ್ರಗಳು ಎಲ್ಲರಿಗೂ ಇರಲಿ. ಆದರೆ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ ತೆಗೆದ ಮಕ್ಕಳ ಮುಖಗಳು ಅಪರಿಚಿತರ ಕಣ್ಣಿಗೆ ಬೀಳಬೇಕಿಲ್ಲ ಎಂದು ನಾನು ದೃಢವಾಗಿ ನಂಬುತ್ತೇನೆ.

ಅಳಿಸುವುದೊಂದೇ ದಾರಿಯಲ್ಲ. ಚಿತ್ರವನ್ನು ಖಾಸಗಿಯಾಗಿಸಿದರೆ ಅಥವಾ ಕುಟುಂಬದವರಿಗೆ ಮಾತ್ರ ಕಾಣುವಂತೆ ಮಾಡಿದರೆ, ಅದರ ಶೀರ್ಷಿಕೆ, ವಿವರಣೆ ಮತ್ತು ಓದುಗರ ಟಿಪ್ಪಣಿಗಳು ಉಳಿದುಕೊಳ್ಳುತ್ತವೆ. ಅಳಿಸಿದರೆ ಅವೆಲ್ಲವೂ ಚಿತ್ರದೊಡನೆಯೇ ಹೋಗುತ್ತವೆ. ಇನ್‌ಸ್ಟಾಗ್ರಾಂನಲ್ಲಿ ಅಳಿಸಿದ ಪೋಸ್ಟನ್ನು 30 ದಿನಗಳೊಳಗೆ ಮರಳಿ ಪಡೆಯಬಹುದು, ಫ್ಲಿಕರ್‌ನಲ್ಲಿ ಆ ಅವಕಾಶವಿಲ್ಲ. ಮೂಲ ಕಡತವನ್ನು ಮೊದಲು ಇಳಿಸಿಕೊಳ್ಳಿ.

ಹೆಚ್ಚು ಯೋಚಿಸಬೇಕಾದದ್ದು ಪರವಾನಗಿಯ ಬಗ್ಗೆ. ಕೆಲವು ಷರತ್ತುಗಳ ಮೇಲೆ ಯಾರು ಬೇಕಾದರೂ ಬಳಸಲು ಅನುಮತಿ ನೀಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಒಮ್ಮೆ ಹಂಚಿದ ಚಿತ್ರವನ್ನು ನೀವು ಆಮೇಲೆ ತೆಗೆದುಹಾಕಿದರೂ, ಅಷ್ಟರೊಳಗೆ ಪಡೆದುಕೊಂಡವರು ಷರತ್ತುಗಳನ್ನು ಪಾಲಿಸುತ್ತಿರುವವರೆಗೆ ಅದನ್ನು ಬಳಸುತ್ತಲೇ ಇರಬಹುದು, ಏಕೆಂದರೆ ಆ ಅನುಮತಿಯನ್ನು ಹಿಂಪಡೆಯಲು ಬರುವುದಿಲ್ಲ. ನಮ್ಮ ಸ್ಮಾರಕಗಳ ಅನೇಕ ಚಿತ್ರಗಳು ವಿಕಿಪೀಡಿಯದ ಲೇಖನಗಳಿಗೆ ದೊರೆತಿರುವುದು ಇಂತಹ ಪರವಾನಗಿಗಳಿಂದಲೇ. ಅದು ಸಂತೋಷದ ಸಂಗತಿ. ಜನರ ಮುಖವಿರುವ ಚಿತ್ರಗಳಿಗೆ ಮಾತ್ರ ಎಲ್ಲ ಹಕ್ಕುಗಳನ್ನೂ ಕಾಯ್ದಿರಿಸಿಕೊಳ್ಳುವುದೇ ಲೇಸು.

ಮನೆಯಲ್ಲಿ ತೆಗೆದ ಚಿತ್ರಗಳಲ್ಲಿ, ಫೋನಿನ ಜಿಪಿಎಸ್ ದಾಖಲಿಸಿದ ಸ್ಥಳದ ಮಾಹಿತಿಯೂ ಅಡಗಿರಬಹುದು, ಅದನ್ನೂ ತೆಗೆಯಿರಿ. ಅಳಿಸಿದ ಚಿತ್ರ ಗೂಗಲ್ ಹುಡುಕಾಟದಲ್ಲಿ ಕೆಲಕಾಲ ಕಾಣುತ್ತಿದ್ದರೆ, ಹಳತಾದ ಫಲಿತಾಂಶವನ್ನು ತೆಗೆಯುವಂತೆ ಗೂಗಲ್‌ಗೇ ಕೋರಿಕೆ ಸಲ್ಲಿಸಬಹುದು.