ಲೋಕ ಮುಳುಗುವಾಗ ನಗು ಹೇಗೆ ಬರುತ್ತದೆ?

‘ಡಾ. ಸ್ಟ್ರೇಂಜ್‌ಲವ್’ ಚಿತ್ರವನ್ನು ಯಾರಿಗೆ ತೋರಿಸಿದರೂ ಕೊನೆಯಲ್ಲಿ ನನಗೆ ಒಂದೇ ಪ್ರಶ್ನೆ ಎದುರಾಗುತ್ತದೆ: ಭೂಮಿಯೇ ಸುಟ್ಟು ಬೂದಿಯಾಗುವ ಕಥೆಗೆ ನೀವು ಹೀಗೆ ಬಿದ್ದು ಬಿದ್ದು ನಗುವುದು ಹೇಗೆ? ಕೆಲವರು ಕುತೂಹಲದಿಂದ ಕೇಳುತ್ತಾರೆ. ಇನ್ನು ಕೆಲವರ ದನಿಯಲ್ಲಿ ನನ್ನ ಮನಸ್ಸಿನ ಆರೋಗ್ಯದ ಬಗ್ಗೆ ಸಣ್ಣ ಕಳವಳವೂ ಇರುತ್ತದೆ. ನನ್ನ ಉತ್ತರ ಚಿಕ್ಕದು. ಆ ಚಿತ್ರದಲ್ಲಿ ಯಾರೂ ನಗುವುದಿಲ್ಲ, ಅದಕ್ಕೇ ನಾನು ನಗುತ್ತೇನೆ. ಬಿಡಿಸಿ ಹೇಳಲು ಮಾತ್ರ ಸ್ವಲ್ಪ ಹೊತ್ತು ಬೇಕು.

ನೋಡಿಲ್ಲದವರಿಗೆ ಕಥೆ ಇಷ್ಟು. ಅಮೆರಿಕದ ವಾಯುನೆಲೆಯೊಂದರ ಮುಖ್ಯಸ್ಥ ಜನರಲ್ ರಿಪ್ಪರ್‌ಗೆ ತಲೆ ಕೆಟ್ಟಿದೆ. ಅವನು ಯಾರನ್ನೂ ಕೇಳದೆ ಸೋವಿಯತ್ ಒಕ್ಕೂಟದ ಮೇಲೆ ಅಣುಬಾಂಬ್ ಹಾಕಲು ವಿಮಾನಗಳಿಗೆ ಆಜ್ಞೆ ಕೊಟ್ಟುಬಿಡುತ್ತಾನೆ. ಅವುಗಳನ್ನು ಹಿಂದಕ್ಕೆ ಕರೆಸುವ ಸಂಕೇತ ಅವನೊಬ್ಬನಿಗೇ ಗೊತ್ತು. ಬಾಂಬ್ ಬಿದ್ದರೆ ಭೂಮಿಯ ಮೇಲಿನ ಜೀವವನ್ನೆಲ್ಲ ಅಳಿಸಿಹಾಕುವ ಯಂತ್ರವೊಂದನ್ನು ಸೋವಿಯತ್ತರು ಗುಟ್ಟಾಗಿ ಕಟ್ಟಿಟ್ಟಿದ್ದಾರೆ. ಅದು ಇದೆಯೆಂದು ಗೊತ್ತಿದ್ದರೆ ತಾನೇ ಎದುರಾಳಿ ಹೆದರುವುದು, ಯಾಕೆ ಹೇಳಲಿಲ್ಲ ಎಂದರೆ, ಸೋಮವಾರ ಘೋಷಿಸುವವರಿದ್ದೆವು ಎನ್ನುತ್ತಾನೆ ರಾಯಭಾರಿ. ತಮ್ಮ ಪ್ರಧಾನಿಗೆ ಜನರನ್ನು ಅಚ್ಚರಿಗೊಳಿಸುವುದು ಇಷ್ಟವಂತೆ.

1962ರ ಅಕ್ಟೋಬರ್‌ನಲ್ಲಿ, ಸೋವಿಯತ್ತರು ಕ್ಯೂಬಾದಲ್ಲಿ ಇಟ್ಟ ಅಣು ಕ್ಷಿಪಣಿಗಳಿಂದ ಯುದ್ಧವೇ ಆಗಿಬಿಡುತ್ತದೇನೋ ಎಂದು ಜಗತ್ತು ಉಸಿರು ಬಿಗಿಹಿಡಿದು ಕೂತಿತ್ತು. ಚಿತ್ರ ತೆರೆಗೆ ಬಂದದ್ದು 1964ರ ಜನವರಿಯಲ್ಲಿ, ಆ ಭಯದ ಪಸೆ ಇನ್ನೂ ಆರದಿದ್ದಾಗ. ನಿರ್ದೇಶಕ ಸ್ಟ್ಯಾನ್ಲಿ ಕ್ಯೂಬ್ರಿಕ್ ಮೊದಲು ಗಂಭೀರ ಚಿತ್ರವನ್ನೇ ಮಾಡಲು ಹೊರಟಿದ್ದ. ಮೂಲವಾದ ಪೀಟರ್ ಜಾರ್ಜ್‌ನ ಕಾದಂಬರಿಯಲ್ಲೂ ತಮಾಷೆಯಿಲ್ಲ. ಆದರೆ ಬರೆಯುತ್ತ ಹೋದಂತೆ, ನಿಜಕ್ಕೆ ಹತ್ತಿರವಾದ ಸನ್ನಿವೇಶಗಳೇ ನಗೆಪಾಟಲಾಗಿ ಕಾಣತೊಡಗಿದವು. ಅವನ್ನು ತೆಗೆದರೆ ಸತ್ಯ ಹೋಗುತ್ತದೆ, ಉಳಿಸಿಕೊಂಡರೆ ಜನ ನಗುತ್ತಾರೆ. ಅವನು ಉಳಿಸಿಕೊಂಡ.

ಪೀಟರ್ ಸೆಲ್ಲರ್ಸ್ ಇಲ್ಲಿ ಮೂರು ಪಾತ್ರ ಮಾಡಿದ್ದಾನೆ: ಬ್ರಿಟಿಷ್ ಅಧಿಕಾರಿ ಮ್ಯಾಂಡ್ರೇಕ್, ಅಮೆರಿಕದ ಅಧ್ಯಕ್ಷ ಮಫ್ಲಿ, ಗಾಲಿಕುರ್ಚಿಯ ವಿಜ್ಞಾನಿ ಸ್ಟ್ರೇಂಜ್‌ಲವ್. ಎಲ್ಲರಿಗೂ ನೆನಪುಳಿಯುವವನು ವಿಜ್ಞಾನಿ. ನನ್ನ ಮತ ಅಧ್ಯಕ್ಷನಿಗೆ. ಬೋಳುತಲೆ, ಕನ್ನಡಕ, ಏರದ ದನಿ. ಸೆಲ್ಲರ್ಸ್ ಮೊದಲು ಈ ಪಾತ್ರವನ್ನು ನೆಗಡಿ ಹಿಡಿದ ಮನುಷ್ಯನಂತೆ ಆಡಿ ಸೆಟ್‌ನಲ್ಲಿದ್ದವರನ್ನೆಲ್ಲ ನಗಿಸಿದ್ದನಂತೆ. ಬೇಡ, ನೆಟ್ಟಗೆ ಮಾಡು ಎಂದ ಕ್ಯೂಬ್ರಿಕ್. ಆ ಒಂದು ‘ಬೇಡ’ದಿಂದ ಬಂದದ್ದು ದೂರವಾಣಿ ದೃಶ್ಯ.

ಅಧ್ಯಕ್ಷ ಸೋವಿಯತ್ ಪ್ರಧಾನಿ ಡಿಮಿಟ್ರಿಗೆ ಫೋನ್ ಮಾಡುತ್ತಾನೆ. ಆ ಕಡೆಯವನು ಕುಡಿದಿದ್ದಾನೆ. ಅವನ ಮಾತು ನಮಗೆ ಕೇಳಿಸುವುದೇ ಇಲ್ಲ. ನಿಮ್ಮ ಮೇಲೆ ಬಾಂಬ್ ಬೀಳಲಿದೆ ಎಂಬುದನ್ನು ಅಧ್ಯಕ್ಷ, ಮಗುವಿಗೆ ಕಹಿ ಔಷಧ ಕುಡಿಸುವವನಂತೆ ರಮಿಸಿ ರಮಿಸಿ ಹೇಳುತ್ತಾನೆ. ನಡುವೆ, ಕುಶಲ ಕೇಳುವುದಕ್ಕಷ್ಟೇ ಫೋನ್ ಮಾಡುವುದು ನನಗೂ ಇಷ್ಟವೇ ಎಂದು ಸಮಾಧಾನ ಮಾಡಬೇಕಾಗುತ್ತದೆ. ಆಮೇಲೆ, ಆದದ್ದಕ್ಕೆ ಯಾರಿಗೆ ಹೆಚ್ಚು ವಿಷಾದ ಎಂಬ ಬಗ್ಗೆಯೇ ಇಬ್ಬರಿಗೂ ಜಗಳ. ಸೋವಿಯತ್ ವಾಯುರಕ್ಷಣಾ ಕೇಂದ್ರದ ನಂಬರ್ ಬೇಕಾದರೆ ಓಮ್ಸ್ಕ್ ನಗರದ ದೂರವಾಣಿ ಮಾಹಿತಿ ಕೇಂದ್ರಕ್ಕೆ ಫೋನ್ ಮಾಡಿ ಕೇಳಬೇಕು! ಸೆಲ್ಲರ್ಸ್ ಒಂದು ಕ್ಷಣವೂ ನಮ್ಮ ಕಡೆ ಕಣ್ಣು ಹೊಡೆಯುವುದಿಲ್ಲ. ಅವನು ಕೇಳಿಸಿಕೊಳ್ಳುವ ರೀತಿಯಲ್ಲೇ ಆ ತುದಿಯ ಕುಡುಕ ಪೂರ್ತಿಯಾಗಿ ಕಾಣಿಸುತ್ತಾನೆ.

ಜಾರ್ಜ್ ಸಿ. ಸ್ಕಾಟ್‌ನ ಜನರಲ್ ಟರ್ಜಿಡ್‌ಸನ್ ಇದಕ್ಕೆ ತದ್ವಿರುದ್ಧ. ಬಾಯಲ್ಲಿ ಸದಾ ಚೂಯಿಂಗ್ ಗಮ್, ಮುಖದ ಒಂದೊಂದು ಸ್ನಾಯುವೂ ಸ್ವತಂತ್ರ. ಸ್ಕಾಟ್‌ಗೆ ಇಷ್ಟು ಅತಿಯಾಗಿ ಆಡಲು ಮನಸ್ಸಿರಲಿಲ್ಲ. ಇದು ಬರೀ ಅಭ್ಯಾಸಕ್ಕೆ ಎಂದು ಹೇಳಿ ಕ್ಯೂಬ್ರಿಕ್ ಅತಿರೇಕದ ಟೇಕ್‌ಗಳನ್ನು ತೆಗೆಸಿದ, ಕೊನೆಗೆ ಅವನ್ನೇ ಬಳಸಿದ. ಮೋಸ ಹೌದು, ಸ್ಕಾಟ್ ಸಿಟ್ಟಾದದ್ದೂ ಸರಿಯೇ, ಆದರೆ ಆ ಟೇಕ್‌ಗಳಿಲ್ಲದೆ ನನ್ನ ಅಚ್ಚುಮೆಚ್ಚಿನ ಕ್ಷಣ ಇರುತ್ತಿರಲಿಲ್ಲ. ಕೊನೆಗೂ ಸಂಕೇತ ಸಿಕ್ಕಿ ಬೇರೆ ವಿಮಾನಗಳನ್ನು ಹಿಂದಕ್ಕೆ ಕರೆಸಿದ ಮೇಲೆ, ಉಳಿದ ಒಂದು ವಿಮಾನ ಗುರಿ ಮುಟ್ಟೀತೇ ಎಂದು ಅಧ್ಯಕ್ಷ ಕೇಳುತ್ತಾನೆ. ಟರ್ಜಿಡ್‌ಸನ್‌ಗೆ ತನ್ನ ಪೈಲಟ್‌ಗಳ ಮೇಲೆ ಹೆಮ್ಮೆ ಉಕ್ಕಿ, ಎರಡೂ ಕೈ ರೆಕ್ಕೆಯಂತೆ ಚಾಚಿ, ವಿಮಾನ ನೆಲಕ್ಕೆ ತಾಗುವಂತೆ ಹಾರುವುದನ್ನು ಅಭಿನಯಿಸಿ ತೋರಿಸುತ್ತಾನೆ. ಮುಟ್ಟದೇ ಇರುತ್ತದೆಯೇ ಎಂದು ಕೂಗುವ ಹೊತ್ತಿಗೆ ತಾನು ಹೇಳುತ್ತಿರುವುದೇನೆಂದು ಹೊಳೆಯುತ್ತದೆ, ಕೈ ತಾನಾಗಿ ಬಾಯಿ ಮುಚ್ಚುತ್ತದೆ. ಮಗನಿಗೆ ಮೊದಲ ರ‍್ಯಾಂಕ್ ಬಂದ ಅಪ್ಪನ ಮುಖ ಅದು. ಆ ರ‍್ಯಾಂಕ್‌ನ ಫಲ ಪ್ರಳಯ ಎಂಬುದಷ್ಟೇ ತೊಂದರೆ.

ಆ ವಿಮಾನದ ಒಳಗೂ ಇದೇ ಕಥೆ. ಅದರ ಪೈಲಟ್ ಮೇಜರ್ ಕಾಂಗ್ ಪಾತ್ರವನ್ನೂ ಸೆಲ್ಲರ್ಸ್ ಮಾಡಬೇಕಿತ್ತು. ಕಾಲಿಗೆ ಪೆಟ್ಟಾದ್ದರಿಂದ ಅದು ಸ್ಲಿಮ್ ಪಿಕೆನ್ಸ್ ಪಾಲಾಯಿತು. ನಟನಾಗುವ ಮೊದಲು ಅವನು ಕುದುರೆ, ಗೂಳಿಗಳನ್ನು ಪಳಗಿಸುವ ರೋಡಿಯೋ ಪಂದ್ಯಗಳ ಸವಾರ. ಇದು ಹಾಸ್ಯಚಿತ್ರ ಎಂಬುದನ್ನೇ ಅವನಿಗೆ ತಿಳಿಸಿರಲಿಲ್ಲವಂತೆ. ನೋಡಿದರೆ ನಂಬಿಕೆ ಬರುತ್ತದೆ. ಕಾಂಗ್ ಮತ್ತು ಅವನ ಸಿಬ್ಬಂದಿ ಧೈರ್ಯವಂತರು, ಕೆಲಸ ಬಲ್ಲವರು. ಕ್ಷಿಪಣಿಯ ಏಟಿಗೆ ರೇಡಿಯೋ ಕೆಟ್ಟು, ಇಂಧನ ಸೋರಿದರೂ ಎದೆಗುಂದುವುದಿಲ್ಲ. ಬಾಂಬ್ ಬೀಳುವ ಬಾಗಿಲು ತೆರೆಯದಿದ್ದಾಗ ಕಾಂಗ್ ಸ್ವತಃ ಇಳಿದು, ಬಾಂಬಿನ ಮೇಲೇ ಕೂತು ತಂತಿ ಜೋಡಿಸುತ್ತಾನೆ. ಬಾಗಿಲು ತೆರೆಯುತ್ತದೆ, ಅವನು ಟೋಪಿ ಬೀಸುತ್ತ, ಕೇಕೆ ಹಾಕುತ್ತ, ಬಾಂಬಿನ ಮೇಲೆ ಸವಾರಿ ಮಾಡಿಕೊಂಡೇ ಕೆಳಗೆ ಹೋಗುತ್ತಾನೆ. ಬೇರೆ ಯಾವುದೇ ಯುದ್ಧಚಿತ್ರದಲ್ಲಿ ಇಂಥವನಿಗೆ ಪದಕ ಕೊಡುತ್ತಿದ್ದರು.

ರಿಪ್ಪರ್ ಆಗಿರುವ ಸ್ಟರ್ಲಿಂಗ್ ಹೇಡನ್ ಬಗ್ಗೆ ಒಂದೇ ಮಾತು. ಕುಡಿಯುವ ನೀರಿಗೆ ಫ್ಲೋರೈಡ್ ಬೆರೆಸುವುದು ಕಮ್ಯುನಿಸ್ಟರ ಸಂಚು ಎಂದು ಸಿಗಾರ್ ಕಚ್ಚಿಕೊಂಡು ಅವನು ವಿವರಿಸುವಾಗ ನನಗೆ ನಗು ಬರುವುದು ಅರ್ಧಕ್ಕೇ ನಿಲ್ಲುತ್ತದೆ. ಅವನ ಕಣ್ಣಲ್ಲಿ ಅಷ್ಟು ಶಾಂತಿ.

ಈ ಚಿತ್ರದಲ್ಲಿ ಯಾರೂ ನಗುವುದಿಲ್ಲ ಎಂದೆನಲ್ಲ, ಅದು ಪೂರ್ತಿ ನಿಜವಲ್ಲ. ಕೊನೆಯ ದೃಶ್ಯದಲ್ಲಿ ಸ್ಟ್ರೇಂಜ್‌ಲವ್‌ನ ಕರಿ ಕೈಗವಸಿನ ಬಲಗೈ ಅವನ ಮಾತು ಕೇಳದೆ ನಾಜಿ ವಂದನೆಗೆ ಏಳುತ್ತದೆ, ಎಡಗೈ ಅದನ್ನು ಬಡಿದು ಇಳಿಸುತ್ತದೆ, ಆಮೇಲೆ ಅದು ಅವನದೇ ಕುತ್ತಿಗೆ ಹಿಸುಕುತ್ತದೆ. ಆಗ ಎಲ್ಲರ ಕಣ್ಣೂ ಗಾಲಿಕುರ್ಚಿಯ ಮೇಲೆ. ಹಿಂದೆ ರಾಯಭಾರಿಯಾಗಿ ನಿಂತಿರುವವನು ಪೀಟರ್ ಬುಲ್. ಮುಂದಿನ ಸಲ ಅವನ ತುಟಿಗಳನ್ನು ಗಮನಿಸಿ. ಬಿಗಿಹಿಡಿಯಲು ಹೆಣಗಿ, ಸೋತು, ಮತ್ತೆ ಮುಖ ಗಂಟಿಕ್ಕಿಕೊಳ್ಳುತ್ತಾನೆ. ಕ್ಯೂಬ್ರಿಕ್ ಆ ಶಾಟನ್ನು ಕತ್ತರಿಸಲಿಲ್ಲ.