ಸಂಗೀತದ ಕೋಣೆಯಿಂದ ಸ್ಕೂಲ್ ಡಿಸ್ಟ್ರಿಕ್ಟ್ ಕಚೇರಿಗೆ: ಏಳನೇ ಪೀರಿಯಡ್ ಕಲಿಸಿದ ಪಾಠ

ನ್ಯೂಜೆರ್ಸಿಯ ಒಂದು ಸಾರ್ವಜನಿಕ ಮಿಡ್ಲ್ ಸ್ಕೂಲಿನಲ್ಲಿ ನಾನು 2003ರಿಂದ 11 ವರ್ಷ ಬ್ಯಾಂಡ್ ಮತ್ತು ಕೋರಸ್ ಕಲಿಸಿದೆ. ಅನಂತರ 3 ವರ್ಷ ಕಲಾ ವಿಭಾಗದ ಸೂಪರ್‌ವೈಸರ್ ಆಗಿ, 4 ವರ್ಷ ಪ್ರಿನ್ಸಿಪಾಲ್ ಆಗಿ ದುಡಿದು, 2021ರಿಂದ ಒಂದು ಸ್ಕೂಲ್ ಡಿಸ್ಟ್ರಿಕ್ಟಿನ ಅಸಿಸ್ಟೆಂಟ್ ಸೂಪರಿಂಟೆಂಡೆಂಟ್ ಆಗಿದ್ದೇನೆ. ಮೈಸೂರಿಗೆ ಹೋದಾಗ ಮನೆಯ ಹಿರಿಯರು, "ಹಾಗಾದರೆ ನೀನು ನಮ್ಮ ಡಿಡಿಪಿಐ ಕಚೇರಿಯವರ ಹಾಗೆ ಅನ್ನು" ಎನ್ನುತ್ತಾರೆ. ಈ ಹೋಲಿಕೆ ಅರ್ಧ ಮಾತ್ರ ಸರಿ. ಡಿಡಿಪಿಐ ಸರ್ಕಾರದ ಅಧಿಕಾರಿ, ಇಡೀ ಶೈಕ್ಷಣಿಕ ಜಿಲ್ಲೆಗೆ ಹೊಣೆಗಾರರು. ನ್ಯೂಜೆರ್ಸಿಯಲ್ಲಾದರೋ ಸುಮಾರು 600 ಸ್ಕೂಲ್ ಡಿಸ್ಟ್ರಿಕ್ಟುಗಳಿದ್ದು, ಎಷ್ಟೋ ಕಡೆ ಒಂದೇ ಊರಿಗೆ ಒಂದು ಡಿಸ್ಟ್ರಿಕ್ಟ್ ಇರುತ್ತದೆ. ಹೆಚ್ಚಿನವುಗಳಲ್ಲಿ ಊರಿನವರೇ ಚುನಾಯಿಸಿದ ಬೋರ್ಡು ಡಿಸ್ಟ್ರಿಕ್ಟಿನ ಮುಖ್ಯಸ್ಥರಾದ ಸೂಪರಿಂಟೆಂಡೆಂಟರನ್ನು ನೇಮಿಸುತ್ತದೆ, ಖರ್ಚಿನ ದೊಡ್ಡ ಪಾಲು ಊರಿನವರು ಕಟ್ಟುವ ಆಸ್ತಿ ತೆರಿಗೆಯಿಂದ ಬರುತ್ತದೆ. ಹಾಗಾಗಿ ಯಾವ ತರಗತಿ ಉಳಿಯಬೇಕು, ಯಾವುದು ಹೋಗಬೇಕು ಎಂಬ ಪ್ರಶ್ನೆಗೆ ಉತ್ತರಿಸಬೇಕಾದವರು, ತರಕಾರಿ ಕೊಳ್ಳುವಾಗಲೂ ಎದುರಾಗುವ ಜನರಿಗೇ ಉತ್ತರಿಸಬೇಕಾಗುತ್ತದೆ.

ಬಾಲ್ಯದಲ್ಲಿ ನಾನು ಕಲಿತದ್ದು ಕರ್ನಾಟಕ ಸಂಗೀತದ ಗಾಯನ. ಸೀನಿಯರ್ ಪರೀಕ್ಷೆ ಪಾಸಾಗಿತ್ತು. ಇಲ್ಲಿ ಸಂಗೀತ ಶಿಕ್ಷಣದ ಪದವಿ ಓದುವಾಗ ನನಗೆ ಅತಿ ಸುಲಭವೆನಿಸಿದ್ದು, ಸಹಪಾಠಿಗಳನ್ನು ಅತಿ ಹೆಚ್ಚು ಕಾಡಿದ ವಿಷಯವೇ. ಕ್ಲಾರಿನೆಟ್ಟಿನವರು ಹಾಳೆಯ ಮೇಲೆ ಸಿ ಎಂಬ ಸ್ವರವನ್ನು ಓದಿ ಊದಿದ್ದು ಪಿಯಾನೋದ ಬಿ ಫ್ಲ್ಯಾಟ್ ಆಗಿ ಕೇಳುತ್ತದೆ. ಆಲ್ಟೋ ಸ್ಯಾಕ್ಸಫೋನಿನವರ ಸಿ ಎಂದರೆ ಇ ಫ್ಲ್ಯಾಟ್, ಫ್ರೆಂಚ್ ಹಾರ್ನಿನವರದು ಎಫ್. ಷಡ್ಜವನ್ನು ಯಾವ ಶ್ರುತಿಯಲ್ಲಿ ಹಿಡಿದರೂ ಅದು ಷಡ್ಜವೇ, ಉಳಿದ ಸ್ವರಗಳು ಅದರ ಹಿಂದೆ ಬರುತ್ತವೆ ಎಂಬುದನ್ನು ಸರಳೆ ವರಸೆಯ ದಿನಗಳಿಂದಲೇ ಮೈಗೂಡಿಸಿಕೊಂಡವಳಿಗೆ ಇದರಲ್ಲಿ ಹೊಸದೇನೂ ಇರಲಿಲ್ಲ. ಹೊಸದಾಗಿದ್ದದ್ದು ತರಗತಿಯ ಗಾತ್ರ. ಗಣಿತದ ಕೋಣೆಯಲ್ಲಿ 25 ಮಕ್ಕಳಿದ್ದರೆ ಬ್ಯಾಂಡ್ ಕೋಣೆಯಲ್ಲಿ 60 ಮಕ್ಕಳು, ಅದೂ ಆರನೇ ತರಗತಿಯಿಂದ ಎಂಟರವರೆಗೆ ಮೂರು ವರ್ಷ ಅದೇ ಮಕ್ಕಳು. ಯಾರ ಮನೆಯಲ್ಲಿ ಅಪ್ಪನ ಕೆಲಸ ಹೋಗಿದೆ, ಯಾರ ಅಜ್ಜಿ ಆಸ್ಪತ್ರೆಯಲ್ಲಿದ್ದಾರೆ ಎಂಬುದು ಬಾಡಿಗೆಗೆ ತಂದ ವಾದ್ಯ ಹಿಂದಿರುಗಿ ಹೋದಾಗಲೇ ನನಗೆ ತಿಳಿದುಬಿಡುತ್ತಿತ್ತು.

ನಾನು ಕೆಲಸಕ್ಕೆ ಸೇರುವ ಹಿಂದಿನ ವರ್ಷವಷ್ಟೇ, 2002ರ ಜನವರಿಯಲ್ಲಿ, ಅಮೆರಿಕದ ಕೇಂದ್ರ ಸರ್ಕಾರದ 'ನೋ ಚೈಲ್ಡ್ ಲೆಫ್ಟ್ ಬಿಹೈಂಡ್' ಶಿಕ್ಷಣ ಕಾನೂನಿಗೆ ಸಹಿ ಬಿದ್ದಿತ್ತು. ಮೂರರಿಂದ ಎಂಟನೇ ತರಗತಿಯವರೆಗೆ ಪ್ರತಿವರ್ಷ ಓದು ಮತ್ತು ಗಣಿತದಲ್ಲಿ ಪರೀಕ್ಷೆ ಕಡ್ಡಾಯವಾದ ಮೇಲೆ, ಅಂಕ ಕಡಿಮೆ ಬಂದ ಮಕ್ಕಳಿಗೆ ಆ ವಿಷಯಗಳಲ್ಲಿ ಇನ್ನೊಂದು ಪೀರಿಯಡ್ ಕೊಡುವುದು ಅನೇಕ ಶಾಲೆಗಳಲ್ಲಿ ರೂಢಿಯಾಯಿತು. ಆ ಹೆಚ್ಚುವರಿ ಪೀರಿಯಡ್ ಆಕಾಶದಿಂದ ಉದುರುವುದಿಲ್ಲ. ಸಂಗೀತ, ಚಿತ್ರಕಲೆ, ನಾಟಕಗಳ ಹೊತ್ತಿನಿಂದಲೇ ಅದನ್ನು ತೆಗೆಯಬೇಕು. ಸೆಪ್ಟೆಂಬರಿನಲ್ಲಿ ಟ್ರಂಪೆಟ್ ಹಿಡಿದು ಬಂದ ಹುಡುಗ ಅಕ್ಟೋಬರಿನಲ್ಲಿ ಕಾಣೆಯಾಗುತ್ತಿದ್ದ, ಕಾರಣ ಕೇಳಿದರೆ "ಶೆಡ್ಯೂಲ್" ಎನ್ನುತ್ತಿದ್ದರು. ಶೆಡ್ಯೂಲನ್ನು ಒಬ್ಬರು ಮನುಷ್ಯರೇ ಕುಳಿತು ಬರೆಯುತ್ತಾರೆ ಎಂದು ನನಗೆ ಹೊಳೆಯಲು ಬಹಳ ವರ್ಷ ಬೇಕಾದವು. ಹೊಳೆದ ದಿನವೇ ಆ ಕುರ್ಚಿಯಲ್ಲಿ ನಾನು ಕೂರಬೇಕು ಎನ್ನಿಸಿತು, ಮತ್ತು ಹಾಗೆ ಅನ್ನಿಸಿದ್ದರ ಬಗ್ಗೆ ನನಗೆ ಇಂದಿಗೂ ಸಂಕೋಚವಿಲ್ಲ.

ದಾರಿ ಉದ್ದವಾಗಿದ್ದರೂ ಗೋಜಲಾಗಿರಲಿಲ್ಲ. ಶೈಕ್ಷಣಿಕ ಆಡಳಿತದಲ್ಲಿ ಸ್ನಾತಕೋತ್ತರ ಪದವಿ, 5 ವರ್ಷದ ಸೇವೆ, ಹಾಲಿ ಪ್ರಿನ್ಸಿಪಾಲರೊಬ್ಬರ ಕೈಕೆಳಗೆ 300 ಗಂಟೆಗಳ ಇಂಟರ್ನ್‌ಶಿಪ್, ಕೊನೆಗೆ ಒಂದು ಲಿಖಿತ ಪರೀಕ್ಷೆ. ಸಂದರ್ಶನದಲ್ಲಿ ಮಾತ್ರ ಒಂದೇ ಪ್ರಶ್ನೆ ಮತ್ತೆ ಮತ್ತೆ ಎದುರಾಯಿತು: ಸಂಗೀತ ಕಲಿಸಿದವರು ಗಣಿತದ ಶಿಕ್ಷಕರನ್ನು ಹೇಗೆ ಮೌಲ್ಯಮಾಪನ ಮಾಡುತ್ತೀರಿ? ಅದು ನ್ಯಾಯವಾದ ಪ್ರಶ್ನೆ ಎಂದೇ ನಾನು ತಿಳಿದಿದ್ದೇನೆ. ಪ್ರಿನ್ಸಿಪಾಲ್ ಆದ ಮೊದಲ ವರ್ಷ ವಾರಕ್ಕೆ ಎರಡು ದಿನ ಏಳನೇ ತರಗತಿಯ ಗಣಿತದ ಪಾಠದಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು, ಮಕ್ಕಳಿಗೆ ಕೊಟ್ಟ ಹೋಮ್‌ವರ್ಕನ್ನು ನಾನೂ ಮಾಡಿಕೊಂಡು ಹೋಗುತ್ತಿದ್ದೆ. ಸಂಗೀತದಿಂದ ಬಂದು ಆಡಳಿತಕ್ಕೆ ಹೋಗಬೇಕೆನ್ನುವ ಕಿರಿಯರಿಗೆ ನಾನು ಹೇಳುವುದು ಇದನ್ನೇ. ಗೊತ್ತಿಲ್ಲದ ವಿಷಯದ ತರಗತಿಯಲ್ಲಿ ಕಲಿಯುವವರಾಗಿ ಕುಳಿತರೆ ಶಿಕ್ಷಕರು ನಿಮ್ಮ ಮಾತನ್ನು ನಂಬಲು ತೊಡಗುತ್ತಾರೆ.

ಆ ಮೊದಲ ವರ್ಷದಲ್ಲೇ ನಾನು ಒಂದು ದೊಡ್ಡ ತಪ್ಪು ಮಾಡಿದೆ. 2017ರ ಜುಲೈಯಲ್ಲಿ ಇಡೀ ಶಾಲೆಯ ವೇಳಾಪಟ್ಟಿಯಾದ ಮಾಸ್ಟರ್ ಶೆಡ್ಯೂಲಿಗೆ ಸಹಿ ಹಾಕುವಾಗ, ಹೊಸದಾಗಿ ದೇಶಕ್ಕೆ ಬಂದು ಇಂಗ್ಲಿಷ್ ಕಲಿಯುತ್ತಿದ್ದ ಮಕ್ಕಳಿಗೆ ದಿನಕ್ಕೆ ಎರಡು ಇಎಸ್‌ಎಲ್ (ಎರಡನೇ ಭಾಷೆಯಾಗಿ ಇಂಗ್ಲಿಷ್) ಪೀರಿಯಡ್ ಇಟ್ಟಿದ್ದೆ. ಅದರಲ್ಲಿ ತಪ್ಪಿರಲಿಲ್ಲ. ಭಾಷೆ ಬಾರದ ಮಗುವನ್ನು ಸುಮ್ಮನೆ ತರಗತಿಯಲ್ಲಿ ಕೂರಿಸಿದರೆ ಸಾಲದು, ನೆರವು ಕೊಡಲೇಬೇಕು ಎಂದು ಇಲ್ಲಿನ ಸುಪ್ರೀಂ ಕೋರ್ಟ್ 1974ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಮೂಲದ ಮಕ್ಕಳ ಪರವಾಗಿ ಬಂದ ಲಾ ವಿರುದ್ಧ ನಿಕೋಲ್ಸ್ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಆದರೆ ಎರಡನೆಯ ಇಎಸ್‌ಎಲ್ ಬಿದ್ದದ್ದು ಏಳನೇ ಪೀರಿಯಡಿನಲ್ಲಿ, ಕೋರಸ್ ನಡೆಯುವ ಹೊತ್ತಿನಲ್ಲಿ. ಆ 23 ಮಕ್ಕಳಲ್ಲಿ ಒಬ್ಬರೂ ಹಾಡಲು ಹೋಗುವಂತಿರಲಿಲ್ಲ. 11 ವರ್ಷ ಇದೇ ನೋವನ್ನು ಉಂಡವಳು, ಅದನ್ನು ನನ್ನ ಕೈಯಾರೆ ಬರೆದಿದ್ದೆ, ಮತ್ತು ಬರೆದದ್ದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಅಕ್ಟೋಬರಿನಲ್ಲಿ ಇಎಸ್‌ಎಲ್ ಶಿಕ್ಷಕಿ ಬಂದು, ಆರನೇ ತರಗತಿಯ ಹುಡುಗನೊಬ್ಬ ದಿನವೂ ಅದೇ ಹೊತ್ತಿಗೆ ಹೊರಗೆ ಹೋಗಲು ಅನುಮತಿ ಕೇಳುತ್ತಾನೆ ಎಂದರು. ಮರುದಿನ ಏಳನೇ ಪೀರಿಯಡಿನಲ್ಲಿ ನಾನು ಕಾರಿಡಾರಿನಲ್ಲಿ ನಿಂತೆ. ಅವನು ಶೌಚಾಲಯದ ಬಾಗಿಲು ದಾಟಿ ಮುಂದೆ ಬಂದು ಕೋರಸ್ ಕೋಣೆಯ ಪಕ್ಕದಲ್ಲಿದ್ದ ಕುಡಿಯುವ ನೀರಿನ ನಲ್ಲಿಗೆ ಒರಗಿ ನಿಂತ. ನೀರು ಕುಡಿಯಲಿಲ್ಲ. ಒಳಗೆ ಆಲ್ಟೋದವರು, ಎಂದರೆ ಕೆಳದನಿಯಲ್ಲಿ ಹಾಡುವ ಮಕ್ಕಳು, ತಮ್ಮ ಸಾಲನ್ನು ತಿರುತಿರುಗಿ ಅಭ್ಯಾಸ ಮಾಡುತ್ತಿದ್ದರು. ಅವನ ತುಟಿಗಳು ಅವರೊಂದಿಗೆ ಅಲುಗುತ್ತಿದ್ದವು, ಅವರು ತಪ್ಪಿ ನಿಂತಲ್ಲಿ ಅವನೂ ನಿಲ್ಲುತ್ತಿದ್ದ. ನನ್ನನ್ನು ಕಂಡವನೇ ಕೈಯಲ್ಲಿದ್ದ ಹಳದಿ ಪಾಸನ್ನು ಬೆನ್ನ ಹಿಂದೆ ಮರೆಮಾಡಿದ. ನಾನು ಏನನ್ನೂ ಹೇಳದೆ ಬಾಗಿಲು ತೆರೆದು ಒಳಗೆ ಕೂರಿಸಿ, ಇಎಸ್‌ಎಲ್ ಶಿಕ್ಷಕಿಗೆ ಹೇಳಿ ಬಂದೆ. ಆದರೆ ಅದು ಒಬ್ಬನಿಗೆ ಒಂದು ದಿನದ ಮಾತಾಯಿತು.

ಕಾರಣ ಹುಡುಕಿದಾಗ ಸಿಕ್ಕಿದ್ದು ಕಾರು ಓಡಿಸುವ ಹೊತ್ತಿನ ಲೆಕ್ಕ. ಇಎಸ್‌ಎಲ್ ಶಿಕ್ಷಕಿ ಎರಡು ಶಾಲೆಗಳಿಗೆ ಒಬ್ಬರೇ. ಬೆಳಗ್ಗೆ ಪ್ರಾಥಮಿಕ ಶಾಲೆ, ಮಧ್ಯಾಹ್ನದ ಮೇಲೆ ನಮ್ಮದು. ಕೋರಸ್ ಶಿಕ್ಷಕರೂ ಎರಡು ಶಾಲೆಗಳಿಗೆ ಒಬ್ಬರೇ, ಅವರು ಬರುತ್ತಿದ್ದದ್ದೂ ಮಧ್ಯಾಹ್ನವೇ. ಯಾರೂ ಆ ಮಕ್ಕಳಿಗೆ ಸಂಗೀತ ಬೇಡವೆಂದು ತೀರ್ಮಾನಿಸಿರಲಿಲ್ಲ. ಎರಡು ಕಾರುಗಳು ಒಂದೇ ಹೊತ್ತಿಗೆ ನಮ್ಮ ಅಂಗಳಕ್ಕೆ ಬರುತ್ತಿದ್ದವು, ಅಷ್ಟೇ. ಇದನ್ನು ನನ್ನ ಶಾಲೆಯೊಳಗೆ ಕುಳಿತು ಸರಿಪಡಿಸಲು ಬರುತ್ತಿರಲಿಲ್ಲ. ಪ್ರಾಥಮಿಕ ಶಾಲೆಯ ಪ್ರಿನ್ಸಿಪಾಲರು ತಮ್ಮ ಓದಿನ ಅವಧಿಯನ್ನು ಹಿಂದೆ ಮುಂದೆ ಮಾಡಬೇಕು, ಶಿಕ್ಷಕರ ಸಂಘ ಪ್ರಯಾಣದ ಹೊತ್ತಿಗೆ ಒಪ್ಪಬೇಕು, ಸೂಪರಿಂಟೆಂಡೆಂಟ್ ಇವೆಲ್ಲಕ್ಕೂ ಸಹಿ ಹಾಕಬೇಕು. ಜನವರಿಯ ಕೊನೆಗೆ ಎಲ್ಲವೂ ಕೂಡಿಬಂದು 16 ಮಕ್ಕಳು ಕೋರಸ್ಸಿಗೆ ಸೇರಿದರು. ನಲ್ಲಿಯ ಪಕ್ಕ ನಿಲ್ಲುತ್ತಿದ್ದ ಹುಡುಗ ಅವರಲ್ಲಿರಲಿಲ್ಲ. ಡಿಸೆಂಬರಿನಲ್ಲೇ ಅವನ ಕುಟುಂಬ ಬೇರೆ ಊರಿಗೆ ಹೊರಟುಹೋಗಿತ್ತು.

ಡಿಸ್ಟ್ರಿಕ್ಟ್ ಕಚೇರಿಗೆ ಬರುವ ಮನಸ್ಸು ಮಾಡಿದ್ದು ಆ ಜನವರಿಯಲ್ಲಿ. ಒಂದು ಶಾಲೆಯ ವೇಳಾಪಟ್ಟಿಯ ಗಂಟು ಇನ್ನೊಂದು ಶಾಲೆಯಲ್ಲಿ ಬಿದ್ದಿರುತ್ತದೆ, ಎರಡನ್ನೂ ಒಟ್ಟಿಗೆ ಕಾಣುವ ಜಾಗ ಅದೊಂದೇ. ಕಾನೂನಿನ ಬಲವೂ ಸ್ವಲ್ಪ ಬಂದಿತ್ತು: 2015ರ ಡಿಸೆಂಬರಿನಲ್ಲಿ ಹಳೆಯ ಕಾನೂನಿನ ಜಾಗಕ್ಕೆ ಬಂದ 'ಎವ್ರಿ ಸ್ಟೂಡೆಂಟ್ ಸಕ್ಸೀಡ್ಸ್' ಕಾನೂನು, ಸರ್ವಾಂಗೀಣ ಶಿಕ್ಷಣದ ವಿಷಯಗಳ ಪಟ್ಟಿಯಲ್ಲಿ ಸಂಗೀತವನ್ನು ಹೆಸರಿಸಿಯೇ ಸೇರಿಸಿದೆ.

ಹಣದ ಕಷ್ಟ ಬೇರೆಯೇ. ನ್ಯೂಜೆರ್ಸಿಯಲ್ಲಿ 2010ರಲ್ಲಿ ಆದ ಕಾನೂನಿನಿಂದಾಗಿ ಡಿಸ್ಟ್ರಿಕ್ಟುಗಳು ಆಸ್ತಿ ತೆರಿಗೆಯ ಸಂಗ್ರಹವನ್ನು ಕೆಲವು ವಿನಾಯಿತಿಗಳನ್ನು ಬಿಟ್ಟರೆ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚಿಸುವಂತಿಲ್ಲ, ಸಂಬಳ ಮತ್ತು ವಿಮೆಯ ಖರ್ಚು ಅಷ್ಟಕ್ಕೆ ನಿಲ್ಲುವುದಿಲ್ಲ. ಕೋವಿಡ್ ಕಾಲದ ಕೇಂದ್ರದ ನೆರವಿನ ಕೊನೆಯ ಕಂತಿನ ಗಡುವು 2024ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಟೆನ್ಯೂರ್, ಎಂದರೆ ಕೆಲಸದ ಕಾಯಂ ಭದ್ರತೆ, ಸಿಗದ ಶಿಕ್ಷಕರಿಗೆ ಮುಂದಿನ ವರ್ಷ ಕೆಲಸವಿದೆಯೋ ಇಲ್ಲವೋ ಎಂದು ಮೇ 15ರೊಳಗೆ ಲಿಖಿತವಾಗಿ ತಿಳಿಸಬೇಕಾದ್ದರಿಂದ, ಆ ವಸಂತದಲ್ಲೇ ಆಯ್ಕೆ ಮಾಡಬೇಕಾಯಿತು. ನೆರವಿನ ಹಣದಲ್ಲಿ ನೇಮಿಸಿದ್ದ ಓದಿನ ತಜ್ಞರನ್ನು ಉಳಿಸಿಕೊಳ್ಳಲು, ನಿವೃತ್ತರಾಗುತ್ತಿದ್ದ ಪಿಟೀಲು ಶಿಕ್ಷಕರ ಜಾಗವನ್ನು ತುಂಬುವುದು ಬೇಡವೆಂದು ನಾನೇ ಬರೆದುಕೊಟ್ಟೆ. ಬೋರ್ಡಿನ ಸಭೆಗೆ ಸಂಗೀತದ ಮಕ್ಕಳ ತಂದೆತಾಯಿಯರು ಸಾಲುಗಟ್ಟಿ ಬಂದಿದ್ದರು. ಓದಲು ಕಷ್ಟಪಡುವ ಮಕ್ಕಳ ಮನೆಯವರು ಇಬ್ಬರೇ ಬಂದಿದ್ದರು. ನನ್ನ ಜೊತೆ ಬ್ಯಾಂಡ್ ಕಲಿಸಿದ್ದ ಹಳೆಯ ಗೆಳತಿ ಆ ರಾತ್ರಿ ನನ್ನನ್ನು ಮಾತಾಡಿಸದೆ ಹೋದರು. ಆ ನಿರ್ಧಾರವನ್ನು ನಾನು ಈಗಲೂ ಸರಿಯೆಂದೇ ಹೇಳುತ್ತೇನೆ, ಹೇಳುವಾಗ ನೋವೂ ಆಗುತ್ತದೆ.

ಈಗ ಪ್ರತಿವರ್ಷ ಪ್ರಿನ್ಸಿಪಾಲರು ವೇಳಾಪಟ್ಟಿಯ ಕರಡನ್ನು ತಂದಾಗ, ಅದರ ಜೊತೆಗೆ ಇನ್ನೊಂದು ಹಾಳೆಯನ್ನೂ ತರುವಂತೆ ಕೇಳುತ್ತೇನೆ: ಮುಂದಿನ ವರ್ಷ ಯಾವ ಕಲಾ ತರಗತಿಯೂ ಇಲ್ಲದ ಮಕ್ಕಳ ಪಟ್ಟಿ, ಸಂಖ್ಯೆಯಲ್ಲ, ಹೆಸರುಗಳು, ಪ್ರತಿ ಹೆಸರಿನ ಮುಂದೆ ಕಾರಣ. ಕಳೆದ ಬಾರಿ ಒಂದು ಶಾಲೆಯ ಹಾಳೆಯಲ್ಲಿ 14 ಹೆಸರುಗಳಿದ್ದವು. ಪ್ರಿನ್ಸಿಪಾಲರು, ಇಎಸ್‌ಎಲ್ ಸೂಪರ್‌ವೈಸರ್ ಮತ್ತು ನಾನು ಎರಡೂವರೆ ಗಂಟೆ ಕುಳಿತು 9 ಹೆಸರುಗಳನ್ನು ಹೊಡೆದುಹಾಕಿದೆವು. ಉಳಿದ 5 ಮಕ್ಕಳ ಮನೆಗಳಿಗೆ ಪ್ರಿನ್ಸಿಪಾಲರು ಫೋನ್ ಮಾಡುತ್ತಿದ್ದಾರೆ.