‘ಯಾವ ಸಾಫ್ಟ್‌ವೇರಲ್ಲಿ ಮಾಡಿದ್ದು?’ ಅಂತ ಕೇಳೋರಿಗೆಲ್ಲ ಒಂದೇ ಸಲ

ನನ್ನ ಮ್ಯಾಪ್‌ಗಳನ್ನ ಮಾಡೋದು ಕ್ಯೂಜಿಐಎಸ್‌ನಲ್ಲಿ. ಮ್ಯಾಪ್ ಮಾಡೋಕಂತಲೇ ಇರೋ ಸಾಫ್ಟ್‌ವೇರು, ಫ್ರೀ. ವಿಂಡೋಸು, ಮ್ಯಾಕು, ಲಿನಕ್ಸು ಎಲ್ಲದರಲ್ಲೂ ಓಡತ್ತೆ, 2002ರಿಂದ ಇದೆ, ಕ್ರ್ಯಾಕ್ ವರ್ಷನ್ ಹುಡುಕೋ ಕಷ್ಟ ಇಲ್ಲ. ಗುಡ್ಡ ಕಣಿವೆ ಉಬ್ಬಿಕೊಂಡು ಕಾಣೋ ಥರದ್ದು ಬೇಕಿದ್ರೆ ಬ್ಲೆಂಡರ್, ಅದೂ ಫ್ರೀ. ಕೊನೇಲಿ ಹೆಸರುಗಳನ್ನ ಆ ಕಡೆ ಈ ಕಡೆ ಸರಿಸಿ ನೀಟ್ ಮಾಡೋಕೆ ಇಂಕ್‌ಸ್ಕೇಪ್, ಅದೂ ಫ್ರೀನೇ. ಆಯ್ತಾ? ಇಷ್ಟೇ ಬೇಕಾಗಿದ್ದೋರು ಹೊರಡಬಹುದು.

ಉಳಿದೋರಿಗೆ ಹೇಳ್ತೀನಿ. ನಾನು ಮ್ಯಾಪ್ ಮಾಡ್ತೀನಿ, ಬೆಂಗಳೂರಿನ ಕೆರೆಗಳು, ಕಣಿವೆಗಳು, ವಾರ್ಡುಗಳು, ಇಂಥವು. ಒಂದಷ್ಟು ದುಡ್ಡಿಗೆ, ಒಂದಷ್ಟು ಖುಷಿಗೆ. ಆನ್‌ಲೈನ್ ಹಾಕಿದ ತಕ್ಷಣ ಮೊದಲು ಬರೋದೇ ‘ಸೂಪರ್ ಮೇಡಂ, ಯಾವ ಸಾಫ್ಟ್‌ವೇರ್?’. ಮದುವೆ ಮನೇಲಿ ಕೇಳಿದ್ದಾರೆ, ಮೆಟ್ರೋದಲ್ಲಿ ಕೇಳಿದ್ದಾರೆ, ಹಲ್ಲಿನ ಡಾಕ್ಟ್ರು ನಾನು ಬಾಯಿ ತೆಗೆದು ಮಲಗಿದ್ದಾಗ ಕೇಳಿದ್ದಾರೆ. ಪ್ರಶ್ನೆ ತಪ್ಪು ಅಂತ ನಾನು ಹೇಳಲ್ಲ, ಆದ್ರೆ ಕೇಳೋ ಧಾಟಿಲಿ ಒಂದು ಗುಮಾನಿ ಇರತ್ತಲ್ಲ, ಎಲ್ಲೋ ಒಂದು ಬಟನ್ ಇದೆ, ಅದನ್ನ ಒತ್ತಿದ್ರೆ ಇದು ಬರತ್ತೆ, ಇವಳು ಬೇಕಂತ್ಲೇ ಹೇಳ್ತಿಲ್ಲ ಅಂತ, ಅದು ಮೈ ಉರಿಸೋದು. ‘ನನ್ನ ಮಗ ರಜೇಲಿ ಖಾಲಿ ಕೂತಿದ್ದಾನೆ, ಎರಡು ದಿನದಲ್ಲಿ ಕಲೀಬಹುದಾ?’ ‘ಟೆಂಪ್ಲೇಟ್ ಇದ್ರೆ ಕಳ್ಸಿ.’ ಈಚೆಗೆ ಸೇರ್ಕೊಂಡಿರೋದು ‘ಎಐಗೆ ಹೇಳಿದ್ರೆ ಎಲ್ಲ ಮಾಡ್ಕೊಡತ್ತಂತಲ್ಲ?’. ಮಾಡಿಸ್ಕೊಳ್ಳಿ. ಕೆರೆನ ಎಲ್ಲಿ ಬಿಡಿಸ್ತು ಅಂತ ನಂಗೂ ಒಂದು ಫೋಟೋ ಹಾಕಿ.

ಸಿಟ್ಟು ಜಾಸ್ತಿ ಆಯ್ತು ಅನ್ಸಿದ್ರೆ ಈ ಕಥೆ ಕೇಳಿ. ಹೋದ ವರ್ಷ ಚಿಕ್ಕಪ್ಪನ ಮಗಳ ಗೃಹಪ್ರವೇಶ, ವರ್ತೂರಿನ ಆಚೆ ಒಂದು ಲೇಔಟಲ್ಲಿ. ಗಡಿಯಾರ, ಗಣೇಶ ಎಲ್ಲ ಬೇರೆಯವರು ಕೊಡ್ತಾರೆ ಅಂತ ನಾನು ಅವರ ಮನೆ ಸುತ್ತಲಿನ ಕಣಿವೆಯ ಮ್ಯಾಪ್ ಮಾಡಿ ಫ್ರೇಮ್ ಹಾಕಿಸ್ಕೊಂಡು ಹೋಗಿದ್ದೆ. ಬೆಳ್ಳಂದೂರು ಕೆರೆ, ಅದರಿಂದ ವರ್ತೂರು ಕೆರೆ, ಅಲ್ಲಿಂದ ದಕ್ಷಿಣ ಪಿನಾಕಿನಿ ಕಡೆಗೆ ಇಳಿಯೋ ನೀರು, ಮಧ್ಯ ಬಂದು ಸೇರೋ ಸಣ್ಣ ಸಣ್ಣ ಹಳ್ಳ. ಅವಳ ಮಾವ ಕನ್ನಡಕ ಏರಿಸ್ಕೊಂಡು ನೋಡಿದ್ರು. ‘ಚೆನ್ನಾಗಿದೆ ಕಣಮ್ಮ. ಯಾವ ಸಾಫ್ಟ್‌ವೇರು?’ ಹೇಳಿದೆ. ಬೆರಳಿಟ್ಟು ಅವರ ಮನೆ ಹುಡುಕಿದ್ರು, ಸಿಕ್ತು, ಖುಷಿಯಾಯ್ತು. ಪಕ್ಕದಲ್ಲೇ ರಸ್ತೆ ಇರೋ ಕಡೆ ಒಂದು ನೀಲಿ ಗೆರೆ.

‘ಇದೇನಮ್ಮ?’

‘ಹಳೇ ಹಳ್ಳ ಅಂಕಲ್. ರಾಜಕಾಲುವೆಗೆ ಸೇರ್ತಿತ್ತು.’

ರಾಜಕಾಲುವೆ ಅಂದ್ರೆ ಊರಿನ ಮಳೆನೀರು ಸಾಗಿಸೋ ಕಾಲುವೆ, ಅದರ ಪಕ್ಕ ಇಂತಿಷ್ಟು ಜಾಗದಲ್ಲಿ ಮನೆ ಕಟ್ಟಬಾರದು. ಅಂಕಲ್ ಸ್ವಲ್ಪ ಹೊತ್ತು ಸುಮ್ನಿದ್ರು. ಆಮೇಲೆ ಸುತ್ತಮುತ್ತ ಬೀಗರು ಯಾರೂ ಇಲ್ಲ ಅಂತ ನೋಡ್ಕೊಂಡು, ದನಿ ತಗ್ಗಿಸಿ, ‘ಸಾಫ್ಟ್‌ವೇರಲ್ಲಿ ಮಾಡಿರೋದು ತಾನೆ, ಈ ಗೆರೆನ ಒಂಚೂರು ಆ ಕಡೆ ಹಾಕ್ಬಿಡು’ ಅಂದ್ರು.

ನಂಗೆ ನಗು ತಡೆಯೋಕಾಗದೆ ಪಾಯಸ ನೆತ್ತಿಗೇರ್ತು. ಆದ್ರೆ ಯೋಚನೆ ಮಾಡಿದ್ರೆ ಆ ಮನುಷ್ಯನ ತರ್ಕ ತಪ್ಪಿರಲಿಲ್ಲ. ಸಾಫ್ಟ್‌ವೇರು ಮಾಡಿದ ಗೆರೆ ಆದ್ರೆ ಸಾಫ್ಟ್‌ವೇರಿಗೆ ಹೇಳಿ ಜರುಗಿಸಬಹುದಲ್ಲ, ಯಾಕಾಗಬಾರದು? ‘ಯಾವ ಸಾಫ್ಟ್‌ವೇರ್’ ಅಂತ ಕೇಳೋರೆಲ್ಲ ಅರ್ಧ ದಾರಿ ಬಂದು ನಿಲ್ತಾರೆ, ಅಂಕಲ್ ಪೂರ್ತಿ ಹೋದ್ರು ಅಷ್ಟೆ.

ಈಗ ಆ ಗೆರೆ ಎಲ್ಲಿಂದ ಬಂತು ಕೇಳಿ. ಯಾರೂ ಕೇಳಲ್ಲ, ಅದಕ್ಕೇ ನಾನೇ ಹೇಳ್ತಿದೀನಿ.

2000ನೇ ಇಸವಿ ಫೆಬ್ರವರಿಲಿ ಎಂಡೆವರ್ ಅನ್ನೋ ಸ್ಪೇಸ್ ಶಟಲ್ 11 ದಿನ ಭೂಮಿ ಸುತ್ತಿ ರೇಡಾರಲ್ಲಿ ನೆಲದ ಎತ್ತರ ಅಳ್ಕೊಂಡು ಬಂತು. ಎಸ್‌ಆರ್‌ಟಿಎಂ ಅಂತಾರೆ, ಯಾರು ಬೇಕಾದ್ರೂ ಇಳಿಸ್ಕೋಬಹುದು. ನೆಲವನ್ನ ಚೌಕ ಚೌಕ ಮಾಡಿ ಒಂದೊಂದು ಚೌಕಕ್ಕೆ ಒಂದು ಎತ್ತರ ಕೊಟ್ಟಿರ್ತಾರೆ, ಒಂದೊಂದು ಚೌಕ ಸುಮಾರು 30 ಮೀಟರ್. ರೇಡಾರಿಗೆ ಮರದ ನೆತ್ತಿ, ಮನೆ ತಾರಸಿ, ಬರೀ ನೆಲ ಅನ್ನೋ ಭೇದ ಅಷ್ಟಾಗಿ ತಿಳಿಯಲ್ಲ, ಮೇಲೆ ಏನಿದೆಯೋ ಅದೇ ಎತ್ತರ. ‘ಅಯ್ಯೋ ಅಷ್ಟು ಹಳೇ ಡೇಟಾನಾ’ ಅಂತ ಮೂಗು ಮುರೀಬೇಡಿ. ವರ್ತೂರು ಕಡೆ ಆಗ ಇಷ್ಟೊಂದು ಅಪಾರ್ಟ್‌ಮೆಂಟ್ ಎದ್ದಿರಲಿಲ್ಲ, ಅದಕ್ಕೇ ಕಣಿವೆ ಆಕಾರ ಅದರಲ್ಲಿ ಚೆನ್ನಾಗಿ ಕಾಣತ್ತೆ. ಹಳೇದಾಗಿರೋದೇ ಅದರ ಬೆಲೆ.

ಆ ಎತ್ತರದ ಮೇಲೆ ನೀರು ಬಿಟ್ಟು ಎಲ್ಲಿ ಹರಿಯತ್ತೆ ಅಂತ ಲೆಕ್ಕ ಹಾಕೋ ಟೂಲ್ ಇದೆ. ಅದನ್ನ ಓಡಿಸೋ ಮುಂಚೆ ‘ಫಿಲ್ ಸಿಂಕ್ಸ್’ ಅಂತ ಒಂದು ಹೆಜ್ಜೆ. ನೀರು ಹೊರಗೆ ಹೋಗೋಕೆ ದಾರಿ ಇಲ್ಲದ ತಗ್ಗು ಕಂಡ್ರೆ ಸಾಫ್ಟ್‌ವೇರು ಅದನ್ನ ಡೇಟಾದ ದೋಷ ಅಂದ್ಕೊಂಡು, ನೀರು ಉಕ್ಕಿ ಆಚೆ ಹೋಗೋ ಮಟ್ಟದ ತನಕ ತುಂಬಿಸಿಬಿಡತ್ತೆ. ನಮ್ಮೂರಲ್ಲಿ ಅಂಥ ತಗ್ಗು ಅಂದ್ರೆ ಏನು ಹೇಳಿ? ಏರಿ ಕಟ್ಟಿರೋ ಕೆರೆ! ಬೇಡಪ್ಪ ಅಂದ್ರೆ ಇನ್ನೊಂದು ಟೂಲ್ ಇದೆ, ಅದು ತುಂಬಿಸಲ್ಲ, ಏರಿ ಕೊರೆದು ದಾರಿ ಮಾಡತ್ತೆ. ಕೆರೆ ಮುಚ್ಚು, ಇಲ್ಲಾ ಏರಿ ಒಡಿ. ಬರೆದೋರು ಯಾವ ದೇಶದಲ್ಲಿ ಕೂತು ಬರೆದ್ರೋ, ಬೆಂಗಳೂರಿನ ಪದ್ಧತಿ ಮಾತ್ರ ಕರೆಕ್ಟಾಗಿ ಹಿಡಿದಿದ್ದಾರೆ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಆಗಿದ್ದು, ಸಂಪಂಗಿ ಕೆರೆ ಕಂಠೀರವ ಸ್ಟೇಡಿಯಂ ಆಗಿದ್ದು ಇದೇ ಆಲ್ಗರಿದಮ್ಮಲ್ಲಿ. ಹಾಗಾಗಿ ನಾನು ಕೆರೆಗಳನ್ನ ಬೇರೆಯಾಗಿ ಬಿಡಿಸಿ, ಕೋಡಿ ಎಲ್ಲಿದೆ ಅಂತ ಕೈಯಾರೆ ಹೇಳಿಕೊಟ್ಟು ಓಡಿಸ್ತೀನಿ. ಬಟನ್ ಅಲ್ಲ ಸ್ವಾಮಿ, ಕೈಕೆಲಸ.

ಎರಡನೇದು ಗ್ರಾಮ ನಕ್ಷೆ. ಸರ್ಕಾರಿ ವೆಬ್‌ಸೈಟಲ್ಲಿ ಸ್ಕ್ಯಾನ್ ಮಾಡಿದ್ದು ಸಿಗತ್ತೆ, ಮಡಿಕೆ, ಕಲೆ, ಸೊಟ್ಟ ಕಾಗದ ಸಮೇತ. ಅದರಲ್ಲಿ ಅಕ್ಷಾಂಶ ರೇಖಾಂಶ ಹುಡುಕಬೇಡಿ, ಸರ್ವೆ ನಂಬರ್ ಇದೆ, ಹಳ್ಳ ಇದೆ, ಗುಂಡುತೋಪು ಇದೆ. ಅದನ್ನ ಈಗಿನ ಉಪಗ್ರಹ ಚಿತ್ರದ ಮೇಲೆ ಸರಿಯಾಗಿ ಕೂರಿಸೋದಕ್ಕೆ ಜಿಯೊರೆಫರೆನ್ಸಿಂಗ್ ಅಂತಾರೆ. ಆವತ್ತೂ ಇದ್ದು ಇವತ್ತೂ ಇರೋ ಗುರುತುಗಳು ಬೇಕು. ಏರಿಯ ಎರಡು ತುದಿ, ಹಳೇ ಗಾಡಿದಾರಿಗಳು ಕೂಡೋ ಜಾಗ, ಮೂರು ಊರಿನ ಗಡಿ ಸೇರೋ ಕಡೆ ನೆಟ್ಟ ಕಲ್ಲು, ಊರ ದೇವಸ್ಥಾನ. ದೇವಸ್ಥಾನ ಜೀರ್ಣೋದ್ಧಾರ ಆಗಿ ಎರಡು ಪಟ್ಟು ಬೆಳೆದಿರತ್ತೆ, ಹಳೇ ಮೂಲೆ ಯಾವುದು ಅಂತ ಪೂಜಾರಪ್ಪನಿಗೂ ಗೊತ್ತಿರಲ್ಲ. ಗಡಿ ಕಲ್ಲಿಗೆ ಬಣ್ಣ ಬಳಿದು ಯಾರೋ ಬೈಕ್ ಒರಗಿಸಿರ್ತಾರೆ. ದಿಶಾಂಕ್ ಆಪ್ ತೆಗೆದು, ನಿಂತಿರೋ ಜಾಗದ ಸರ್ವೆ ನಂಬರ್ ನಕ್ಷೆ ಜೊತೆ ತಾಳೆ ಆಗತ್ತಾ ಅಂತ ನೋಡ್ತಾ ಬಿಸಿಲಲ್ಲಿ ನಿಂತಿದ್ರೆ ಗೇಟಿನ ಸೆಕ್ಯುರಿಟಿ ಬಂದು ‘ಸೈಟ್ ನೋಡೋಕೆ ಬಂದ್ರಾ ಮೇಡಂ, ರೇಟ್ ಹೇಳ್ಲಾ?’ ಅಂತಾನೆ.

ಮೂರನೇದು ಇವತ್ತು ನೆಲದ ಮೇಲೆ ನಿಜವಾಗ್ಲೂ ಇರೋ ಕಾಂಕ್ರೀಟ್ ಮೋರಿ.

ಮೂರನ್ನೂ ಒಂದರ ಮೇಲೊಂದು ಇಟ್ರೆ ಒಂದಕ್ಕೊಂದು ಹೊಂದಲ್ಲ. ನಕ್ಷೆಯ ಹಳ್ಳ ಒಂದು ಕಡೆ, ಎತ್ತರದ ಲೆಕ್ಕ ಹೇಳೋ ಹರಿವು ಅದರ ಅಕ್ಕಪಕ್ಕ ಎಲ್ಲೋ, ಮೋರಿ ಮಾತ್ರ ಕಾಂಪೌಂಡ್ ಗೋಡೆ ಹಿಡ್ಕೊಂಡು ನೈಂಟಿ ಡಿಗ್ರಿ ತಿರುಗಿ ಇನ್ನೆಲ್ಲೋ. ಯಾವುದನ್ನ ಹಾಕ್ಲಿ? ನಾನು ನಕ್ಷೆಯ ಹಳ್ಳಕ್ಕೆ ದಪ್ಪ ಗೆರೆ ಕೊಟ್ಟೆ, ಯಾಕಂದ್ರೆ ಅಳತೆ ಮಾಡಿದೋರು ನೆಲದ ಮೇಲೆ ನಡೆದು ನೋಡಿ ಬರೆದಿದ್ದು. ಮೋರಿಗೆ ಸಣ್ಣ ಗೆರೆ. ಎತ್ತರದ ಲೆಕ್ಕದ ಹರಿವನ್ನ ಬಿಡಿಸಲೇ ಇಲ್ಲ, ಬೇರೆ ಎರಡರಲ್ಲಿ ಯಾವುದು ಸುಳ್ಳು ಹೇಳ್ತಿದೆ ಅಂತ ಕೇಳೋಕೆ ಮಾತ್ರ ಇಟ್ಕೊಂಡೆ. 30 ಮೀಟರ್ ಚೌಕದಿಂದ ಬಂದಿದ್ದನ್ನ ಕೂದಲಷ್ಟು ಸಣ್ಣ ಗೆರೆಯಾಗಿ ಬಿಡಿಸಿದ್ರೆ ನೋಡೋಕೆ ಭಾರಿ ನಿಖರವಾಗಿ ಕಾಣತ್ತೆ, ಅದೇ ಅಪಾಯ. ಬೆಂಗಳೂರಿನ ಮಾಸ್ಟರ್ ಪ್ಲಾನ್ 2015ರಲ್ಲಿ ರಾಜಕಾಲುವೆ ಪಕ್ಕ ಕಟ್ಟಬಾರದ ಜಾಗ ಅಂತ ಪ್ರಾಥಮಿಕ ಕಾಲುವೆಗೆ 50, ದ್ವಿತೀಯಕ್ಕೆ 25, ತೃತೀಯಕ್ಕೆ 15 ಮೀಟರ್ ಇಟ್ಟಿದ್ರು. 15 ಮೀಟರ್ ಅಂದ್ರೆ ಅರ್ಧ ಚೌಕ. ಅದರಲ್ಲಿ ಒಬ್ಬರ ಮನೆ ಒಳಗೋ ಹೊರಗೋ ಅಂತ ತೀರ್ಮಾನ ಹೇಳೋಕೆ ಹೋದ್ರೆ ನಾನು ಜ್ಯೋತಿಷ್ಯ ಹೇಳಿದಂಗೆ. ಇದನ್ನೇ ಅಂಕಲ್‌ಗೂ ಹೇಳಿದೆ. ಅವರಿಗೆ ‘ಖಚಿತ ಇಲ್ಲ’ ಅನ್ನೋದಷ್ಟೇ ಕೇಳಿಸ್ತು, ಮುಖ ಅರಳ್ತು. ಫ್ರೇಮ್ ಈಗ ಯಾವ ಗೋಡೆ ಮೇಲಿದೆ ಅಂತ ನಾನು ವಿಚಾರಿಸೋಕೆ ಹೋಗಿಲ್ಲ.

ಸೋ, ನನ್ನನ್ನ ಕೇಳಬೇಕಾದ ಪ್ರಶ್ನೆ ‘ಇದನ್ನ ನಿಂಗೆ ಯಾರು ಹೇಳಿದ್ರು, ಎಷ್ಟು ನಂಬಲಿ?’. ಇದನ್ನ ಕೇಳಿದೋರಿಗೆ ನಾನೇ ಕಾಫಿ ಕೊಡಿಸ್ತೀನಿ. ವಾರ್ಡ್ ಮ್ಯಾಪ್ ತಗೊಳ್ಳಿ. ನಮ್ಮ ಹತ್ರ ಇರೋ ಜನಗಣತಿ 2011ರದ್ದು, ಅದು 198 ವಾರ್ಡಿನ ಲೆಕ್ಕ. ಆಮೇಲೆ 2022ರಲ್ಲಿ 243 ಮಾಡಿದ್ರು, 2023ರಲ್ಲಿ 225 ಅಂದ್ರು, 2025ರಲ್ಲಿ ಪಾಲಿಕೆಯನ್ನೇ ಐದು ಹೋಳು ಮಾಡಿದ್ರು. ಜನರ ಲೆಕ್ಕ ಮಾತ್ರ ಹಳೇ ಗೆರೆಗಳ ಒಳಗೇ ಕೂತಿದೆ. ‘ಹೊಸ ವಾರ್ಡಿಗೆ ಜನಸಂಖ್ಯೆ ಹಾಕ್ಕೊಡಿ, ಸಂಜೆ ಒಳಗೆ’ ಅಂತ ಬರ್ತಾರೆ. ವಿಸ್ತೀರ್ಣದ ಪ್ರಕಾರ ಹಂಚೋದು ಸುಲಭ, ಎರಡು ಕ್ಲಿಕ್ಕು, ಆದ್ರೆ ಹಾಗೆ ಹಂಚಿದ್ರೆ ಬೆಳ್ಳಂದೂರು ಕೆರೆ ನೀರಿನ ಮೇಲೂ ಜನ ಸಂಸಾರ ಹೂಡಿರ್ತಾರೆ. ಉಪಗ್ರಹ ಚಿತ್ರದಿಂದ ತೆಗೆದ ಕಟ್ಟಡಗಳ ಔಟ್‌ಲೈನ್ ತಂದು, ಕಟ್ಟಡ ಇರೋ ಕಡೆಗೆ ಮಾತ್ರ ಜನರನ್ನ ಹಂಚಬೇಕು, ಆಗ್ಲೂ ಟೆಕ್ ಪಾರ್ಕಲ್ಲಿ ಯಾರೂ ಮಲಗಲ್ಲ ಅಂತ ನಾವೇ ಹೇಳಿಕೊಡಬೇಕು (ಡೆಡ್‌ಲೈನ್ ಇದ್ದಾಗ ಮಲಗ್ತಾರೆ, ಇರ್ಲಿ).

ಬಣ್ಣ, ಬೆಳಕು ಇದೆಲ್ಲ ಖುಷಿಯ ಭಾಗ, ಅಲ್ಲೂ ಒಂದೊಂದಕ್ಕೆ ತೀರ್ಮಾನ ತಗೋಬೇಕು. ಇದ್ದಿದ್ದು ಇದ್ದಂಗೆ ಬಿಡಿಸಿದ್ರೆ ಬೆಂಗಳೂರು ತಟ್ಟಿಟ್ಟ ಅಕ್ಕಿರೊಟ್ಟಿ, ಏರುತಗ್ಗೇ ಕಾಣಲ್ಲ. ಎತ್ತರನ ಹತ್ತು ಪಟ್ಟು ಉಬ್ಬಿಸಿದ್ರೆ ಆಗ ಊರಿನ ಬೆನ್ನು ಎದ್ದು ಕಾಣತ್ತೆ, ಒಂದು ಕಡೆ ಬಿದ್ದ ಮಳೆ ವೃಷಭಾವತಿ ಹಿಡಿದು ಅರ್ಕಾವತಿಗೆ, ಕಾವೇರಿಗೆ, ಇನ್ನೊಂದು ಕಡೆ ಬಿದ್ದಿದ್ದು ದಕ್ಷಿಣ ಪಿನಾಕಿನಿಗೆ. ನೆರಳು ಬೀಳಿಸೋ ಬೆಳಕು ಸಾಮಾನ್ಯವಾಗಿ 315 ಡಿಗ್ರಿ, ವಾಯವ್ಯದಿಂದ. ವಾಸ್ತು ಅಲ್ಲ. ಆಗ್ನೇಯದಿಂದ ಬೆಳಕು ಹಾಕಿ ನೋಡಿ, ಸುಮಾರು ಜನರ ಕಣ್ಣಿಗೆ ಗುಡ್ಡ ಹಳ್ಳವಾಗಿ, ಹಳ್ಳ ಗುಡ್ಡವಾಗಿ ಕಾಣತ್ತೆ.

ಕನ್ನಡದಲ್ಲಿ ಯಾಕೆ ಹೆಸರು ಹಾಕಿಲ್ಲ ಅಂತ ಬಯ್ಯೋರು ಬೇರೆ. ಪ್ರಿಂಟ್ ಮ್ಯಾಪಲ್ಲಿ ಹಾಕೇ ಹಾಕ್ತೀನಿ, ಕ್ಯೂಜಿಐಎಸ್ ಒತ್ತಕ್ಷರ ಸರಿಯಾಗಿ ಕೂರಿಸತ್ತೆ. ತಾಪತ್ರಯ ಇರೋದು ವೆಬ್ ಮ್ಯಾಪಲ್ಲಿ. ವೆಬ್ಬಲ್ಲಿ ಮ್ಯಾಪ್ ತೋರಿಸೋ ಕೋಡ್ ಕೊಡ್ತಿದ್ದ ಮ್ಯಾಪ್‌ಬಾಕ್ಸ್ ಕಂಪನಿಯೋರು 2020ರ ಡಿಸೆಂಬರಲ್ಲಿ ಲೈಸೆನ್ಸ್ ಬದಲಾಯಿಸಿದಾಗ ಜನ ಹಳೇ ಕೋಡ್ ಹಿಡ್ಕೊಂಡು ಮ್ಯಾಪ್‌ಲಿಬ್ರೆ ಶುರು ಮಾಡಿದ್ರು, ಒಳ್ಳೇ ಕೋಡ್ ಲೈಬ್ರರಿ, ನಾನೂ ಬಳಸ್ತೀನಿ. ಆದ್ರೆ ನಾನು ಕನ್ನಡ ಹಾಕಿದಾಗ ಅದು ಒಂದೊಂದು ಅಕ್ಷರದ ಚಿತ್ರನ ಸಾಲಾಗಿ ಜೋಡಿಸ್ತು, ಒತ್ತು ಕೆಳಗೆ ಇಳೀಬೇಕು ಅಂತ ಅದಕ್ಕೆ ಗೊತ್ತಿಲ್ಲ. ಹೆಬ್ಬಾಳ ಹೋಗಿ ‘ಹೆಬ್‌ಬಾಳ’, ಬೆಳ್ಳಂದೂರು ಹೋಗಿ ‘ಬೆಳ್‌ಳಂದೂರು’. ಕೊನೆಗೆ ಊರಿನ ಹೆಸರುಗಳನ್ನೆಲ್ಲ ಬೇರೆಯಾಗಿ ಚಿತ್ರ ಮಾಡಿ ಅಂಟಿಸಿದೆ. ಅದಕ್ಕೆ ಒಂದೇ ಒಂದು ಲೈಕ್ ಬರಲಿಲ್ಲ, ಯಾಕಂದ್ರೆ ಸರಿಯಾಗಿದ್ದಾಗ ಅದು ಯಾರ ಕಣ್ಣಿಗೂ ಬೀಳಲ್ಲ.

ಇನ್ನೊಂದು ಕಿರಿಕಿರಿ. ಮೀಟರಲ್ಲಿ ಅಳತೆ ಮಾಡೋಕೆ ಭೂಮಿಯನ್ನ ಉದ್ದುದ್ದ ಪಟ್ಟಿಗಳಾಗಿ ಸೀಳಿರ್ತಾರೆ, ಯುಟಿಎಂ ಅಂತ. ಬೆಂಗಳೂರು 43ನೇ ಪಟ್ಟೀಲಿ ಬರತ್ತೆ, ಅಂಚಿನ ಹತ್ರ. 78 ಡಿಗ್ರಿ ರೇಖಾಂಶ ದಾಟಿದ್ರೆ 44, ಕೋಲಾರ ಆ ಕಡೆ. ಕೆಸಿ ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಹೋಗೋ ಮ್ಯಾಪ್ ಮಾಡೋರು ಎರಡು ಪಟ್ಟೀಲಿ ಅರ್ಧರ್ಧ ಅಳೀದೇ, ಮೊದಲೇ ಒಂದನ್ನ ಆರಿಸ್ಕೊಂಡು ಎಲ್ಲ ಫೈಲನ್ನೂ ಅದಕ್ಕೆ ತಂದುಕೊಳ್ಳಿ.

ಇಷ್ಟೆಲ್ಲ ಓದಿದ ಮೇಲೂ ಕಲೀಲೇಬೇಕು ಅನ್ಸಿದ್ರೆ ಜನರೇ ಸೇರಿ ಬಿಡಿಸೋ ಫ್ರೀ ಮ್ಯಾಪ್ ಓಪನ್‌ಸ್ಟ್ರೀಟ್‌ಮ್ಯಾಪಲ್ಲಿ ಅಕೌಂಟ್ ಮಾಡಿ ನಿಮ್ಮ ಬೀದಿಯಿಂದ ಶುರು ಮಾಡಿ, ಕನ್ನಡ ಹೆಸರಿನ ಜಾಗ ಖಾಲಿ ಇರೋ ರಸ್ತೆಗಳು ಬೇಕಾದಷ್ಟಿವೆ. ಎಲ್ಲಾದ್ರೂ ಸಿಕ್ಕಿಹಾಕ್ಕೊಂಡ್ರೆ ಫೈಲ್ ಕಳಿಸಿ, ಟೈಮ್ ಸಿಕ್ಕಾಗ ನೋಡ್ತೀನಿ. ಮ್ಯಾಪಿನ ಡೇಟಾ ಇಡೋ ಶೇಪ್‌ಫೈಲ್ ಅಂದ್ರೆ ಹೆಸರಿಗೆ ಒಂದು ಫೈಲು, ನಿಜವಾಗಿ ಒಂದು ಕುಟುಂಬ. ಎಸ್‌ಎಚ್‌ಪಿ, ಎಸ್‌ಎಚ್‌ಎಕ್ಸ್, ಡಿಬಿಎಫ್, ಪಿಆರ್‌ಜೆ ಎಲ್ಲನೂ ಜಿಪ್ ಮಾಡಿ ಕಳಿಸಬೇಕು. ಬರೀ ಎಸ್‌ಎಚ್‌ಪಿ ಒಂದನ್ನ ವಾಟ್ಸಾಪಲ್ಲಿ ತಳ್ಳಿ ‘ಓಪನ್ ಆಗ್ತಿಲ್ಲ, ಅರ್ಜೆಂಟ್’ ಅನ್ನೋರಿಗೆ ನಾನು ಬ್ಲೂ ಟಿಕ್ಕೂ ಕೊಡಲ್ಲ.